ತಿರುವಿನೊಳಗಿನ ಸೊನ್ನೆ

ತಾನು ಗಾಡಿಗಳ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ ಅನ್ನುವುದು ಈ ವರ್ಕ್‌ಶಾಪಿನಲ್ಲಿ ಯಾರಿಗಾದರೂ ತಿಳಿದರೆ ತನ್ನ ಮಾನ ಮೂರಾಬಟ್ಟೆಯಾಗುತ್ತದೆ ಎಂದು ಗುರುದೇವಿಗೆ ಹೆದರಿಕೆಯಿತ್ತು. ಆದರೂ ಬಿಡಲು ಆಗುತ್ತಿರಲಿಲ್ಲ. ಗಾಡಿಯ ಬಾಗಿಲು ಹಾಕಿಕೊಂಡು, ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರಿನ ವೈರು ಸಿಗಿಸಿ, ಮಷೀನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳೆಂದರೆ ತುಟಿ ತಾನಾಗಿಯೇ ಅಲುಗುತ್ತಿತ್ತು. "ಏನಾಗೈತಿ ನಿನಗ? ಎಲ್ಲಿ ನೋಯಾಕತ್ತೈತಿ? ಹೇಳಿದ್ರ ತಾನೇ ನನಗ ತಿಳಿಯೋದು?" ಹೊರಗಿನಿಂದ ನೋಡಿದವರು ಈಕೆ ಹಾಡು ಗುನುಗುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ. ಮೆಕ್ಯಾನಿಕರ ಜೊತೆ ತೆಲುಗು, ಗಿರಾಕಿಗಳ ಜೊತೆ ಹಿಂದಿ, ಹಾಸ್ಟೆಲ್ಲಿನಲ್ಲಿ ಜೊತೆಗಿರುವ ಹುಡುಗಿ ಕಿವಿಯೊಳಗೆ ವೈರು ಹಾಕಿಕೊಂಡೇ ಮಲಗುವವಳಾದ್ದರಿಂದ ಅವಳ ಜೊತೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಹೋದ ಶ್ರಾವಣದವರೆಗೆ ದಿನಾ ಸಂಜೆ ಭಾಲ್ಕಿಯಿಂದ ಅವ್ವನ ಫೋನು ಬರುತ್ತಿತ್ತು. ಶಂಕ್ರಮ್ಮ ಮಗಳಿಗೆ ಕೇಳುತ್ತಿದ್ದದ್ದು ಒಂದೇ ಮಾತು, "ಉಂಡೇನವಾ?" ಗುರುದೇವಿ ಹೇಳುತ್ತಿದ್ದದ್ದೂ ಒಂದೇ ಮಾತು, "ಹೂಂ, ಉಂಡೀನಿ." ಎಷ್ಟೋ ಸಲ ಉಂಡಿರುತ್ತಿರಲಿಲ್ಲ. ಅವ್ವ ಹೋದ ಮೇಲೆ ಆ ಪ್ರಶ್ನೆಯೂ ಹೋಯಿತು, ಆ ಸುಳ್ಳೂ ಹೋಯಿತು. ಅಣ್ಣನಿಗೆ ಇವಳು ಲಗ್ನ ಒಲ್ಲೆನೆಂದದ್ದು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅವನು ಫೋನು ಮಾಡುತ್ತಿರಲಿಲ್ಲ. ಬಾಯಿಗೆ ಬಂದ ಕನ್ನಡ ಎಲ್ಲಾದರೂ ಹೋಗಬೇಕಲ್ಲ, ಗಾಡಿಗಳ ಪಾಲಿಗೆ ಹೋಗುತ್ತಿತ್ತು.

ಇವತ್ತು ಶನಿವಾರ, ಮುಂದೆ ನಿಂತಿದ್ದ ಬಿಳಿ ಗಾಡಿ ಮಾತ್ರ ಎಷ್ಟು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಇದು ಬಂದದ್ದು ಮೂರನೆಯ ಸಲ. ಸ್ಟೀರಿಂಗ್ ಚಕ್ರ ಯಾವ ಕಡೆಗೆ ಎಷ್ಟು ತಿರುಗಿದೆ ಎಂದು ಗಾಡಿಗೆ ಹೇಳುವ ಸೆನ್ಸರೊಂದು ಚಕ್ರದ ಹಿಂದೆಯೇ ಕೂತಿರುತ್ತದೆ. ಚಕ್ರ ನೆಟ್ಟಗಿದ್ದರೆ ಮಷೀನಿನ ಪರದೆಯ ಮೇಲೆ ಸೊನ್ನೆ ಕಾಣಬೇಕು, ತಿರುಗಿಸಿದಷ್ಟೂ ಅಂಕಿ ಏರಬೇಕು. ಅದು ಕೆಟ್ಟರೆ ಗಾಡಿಗೆ ದಿಕ್ಕು ತಪ್ಪುತ್ತದೆ. ಸೀದಾ ರಸ್ತೆಯಲ್ಲಿ ಹೋಗುತ್ತಿದ್ದರೂ ತಾನು ತಿರುಗುತ್ತಿದ್ದೇನೆಂದು ತಿಳಿದು ತಾನೇ ಒಂದು ಗಾಲಿಗೆ ಬ್ರೇಕು ಹಾಕುತ್ತದೆ, ಎದುರಿಗೆ ಹಳದಿ ದೀಪ ಹತ್ತುತ್ತದೆ. ಮೊದಲ ಸಲ ಬಂದಾಗ ಗುರುದೇವಿ ಚಕ್ರ ನೆಟ್ಟಗಿಟ್ಟು ಸೊನ್ನೆಯನ್ನು ಮತ್ತೆ ಕಲಿಸಿ ಕಳಿಸಿದ್ದಳು. ದೀಪ ಮರಳಿ ಹತ್ತಿತು. ಎರಡನೆಯ ಸಲ ಸೆನ್ಸರನ್ನೇ ಬದಲಿಸಿದಳು, ಸೆನ್ಸರೇ ಕೆಟ್ಟಿದೆಯೆಂದು ಎಲ್ಲರೆದುರಿಗೆ ಎದೆ ತಟ್ಟಿ ಹೇಳಿದ್ದಳು. ಮತ್ತೂ ಹತ್ತಿತು. ತೆಗೆದ ಸೆನ್ಸರನ್ನು ಕಂಪನಿಯವರು ಪರೀಕ್ಷೆ ಮಾಡಿ, ಇದು ಚೆನ್ನಾಗಿಯೇ ಇದೆಯಲ್ಲ, ಯಾಕೆ ಬಿಚ್ಚಿದಿರಿ ಎಂದು ತಿರುಗಿ ಕಳಿಸಿದರು. ಅಂದಿನಿಂದ ಮ್ಯಾನೇಜರು ಸಾಯಿಕುಮಾರ ಅವಳನ್ನು ಕಂಡಾಗೆಲ್ಲ ಮೈ ತುಂಬ ಮರ್ಯಾದೆ ಹೊದ್ದು ಮಾತಾಡತೊಡಗಿದ್ದ. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ಅವನು ಕರೆದು ಹೇಳಿದ್ದೂ ಹಾಗೆಯೇ, ನಗುನಗುತ್ತ. ಕೌಂಟರಿನ ಪಿಂಕಿಗೆ ಮದುವೆ ಗೊತ್ತಾಗಿದೆ, ಇನ್ನು ಬರುವುದಿಲ್ಲ. "ಗುರುದೇವಿಗಾರು, ಆ ಸೀಟಿಗೆ ಮಾತು ಬಲ್ಲ ಹೆಣ್ಣುಮಗಳು ಬೇಕು. ಈ ಗ್ರೀಸು, ಧೂಳು ನಿಮಗ್ಯಾಕೆ? ಎಸಿಯಲ್ಲಿ ಕೂತು ಗಿರಾಕಿಗಳಿಗೆ ಫೋನು ಮಾಡೋದು, ಸಾರ್ ನಿಮ್ಮ ಗಾಡಿ ಹೇಗಿದೆ ಅಂತ ಕೇಳೋದು, ಅಷ್ಟೇ." ಬಿಳಿ ಗಾಡಿಯ ರೋಗ ಇವತ್ತು ಸಂಜೆಯೊಳಗೆ ಸಿಕ್ಕರೆ ಸರಿ, ಇಲ್ಲದಿದ್ದರೆ ಸೋಮವಾರದಿಂದ ಮಷೀನು ಬೇರೆಯವರ ಕೈಗೆ ಎಂಬುದನ್ನು ಅವನು ಕೊನೆಗೆ, ಬಾಗಿಲ ತನಕ ಬಂದು, ಏನೋ ಮರೆತಿದ್ದವನ ಹಾಗೆ ಹೇಳಿದ. ಮಾತು ಬಲ್ಲ ಹೆಣ್ಣುಮಗಳಂತೆ! ದಿನಕ್ಕೆ ಹತ್ತು ಮಾತು ಆಡದ ತನಗೆ! ಗುರುದೇವಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆ ಮಷೀನಿಗಾಗಿ ಅವಳು ಈ ಸನತ್‌ನಗರದ ಶೆಡ್ಡಿನಲ್ಲಿ ಏನೇನು ನುಂಗಿಕೊಂಡಿದ್ದಳು! ಬಾನೆಟ್ಟು ಎತ್ತಲು ಬಂದರೆ ಸಾಕು, ಮೇಡಂ ಪಕ್ಕಕ್ಕೆ ನಿಲ್ಲಿ, ಉಗುರು ಮುರಿದೀತು ಅನ್ನುವವರು. ಮಷೀನು ಮಾತ್ರ ಎಂದೂ ಹಾಗೆ ಅನ್ನಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು, ಕೇಳದಿದ್ದರೆ ಸುಮ್ಮನಿರುತ್ತಿತ್ತು. ಅದನ್ನೂ ಕಸಿದುಕೊಂಡರೆ ತನ್ನದು ಅಂತ ಈ ಊರಿನಲ್ಲಿ ಏನೂ ಉಳಿಯುವುದಿಲ್ಲ.

ಗಾಡಿಯ ಮಾಲಿಕ ಗಾಜಿನಾಚೆ ಗಿರಾಕಿಗಳು ಕಾಯುವ ಕುರ್ಚಿಯಲ್ಲಿ ಮೊಬೈಲು ನೋಡುತ್ತ ಕೂತಿದ್ದ. ವೈಭವ ಅಂತ ಹೆಸರು, ಗಚ್ಚಿಬೌಳಿಯಲ್ಲಿ ಯಾವುದೋ ಸಾಫ್ಟ್‌ವೇರ್ ಕಂಪನಿ, ಮಿಯಾಪುರದಲ್ಲಿ ಫ್ಲ್ಯಾಟು. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಆದರೆ ಕಾಲರಿನ ಒಂದು ತುದಿ ಯಾವಾಗಲೂ ಒಳಗೆ ಮಡಚಿಕೊಂಡಿರುತ್ತಿತ್ತು, ಅದನ್ನು ಯಾರೂ ಅವನಿಗೆ ಹೇಳಿದಂತಿರಲಿಲ್ಲ. ಅವನೂ ಕನ್ನಡದವನು ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ತಿಳಿದ ರೀತಿ ಮಾತ್ರ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಅಂದು ಅವಳು ಗಾಡಿಯೊಳಗೆ ಕೂತಿದ್ದಳು, ಅವನು ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. "ಒಂದು ಹುಡುಗೀನ ಕೊಟ್ಟಾರ ನೋಡಪಾ ಗಾಡಿ ನೋಡಾಕ. ಮಷೀನು ತೊಡಿ ಮ್ಯಾಲ ಇಟ್ಕೊಂಡು ಕೂಸು ಆಡಿಸಿದಂಗ ಆಡಸಾಕತ್ತಾಳ. ಇನ್ನ ರಿಪೇರಿ ಆದಂಗ ಬಿಡು." ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ತನ್ನ ಕಡೆಯ ಕನ್ನಡ ಅದು! ಮೊದಲ ಎರಡು ಶಬ್ದಕ್ಕೆ ಅವಳ ಜೀವ ಹಿಗ್ಗಿತ್ತು, ನೀವು ಯಾವೂರ್ರೀ ಎಂದು ಕೇಳಲು ಮುಖ ಎತ್ತಿದ್ದಳು. ಮುಂದಿನ ಮಾತು ಕೇಳಿ ಕತ್ತು ಬಗ್ಗಿಸಿ ಹಾಗೇ ಪರದೆ ನೋಡುತ್ತ ಕೂತಳು. ಆಮೇಲೆ ಅವನ ಜೊತೆ ಹಿಂದಿಯಲ್ಲಷ್ಟೇ ಮಾತಾಡಿದಳು. ಹಟಕ್ಕೆ ಬಿದ್ದು ಹಾಗೆ ಮಾಡಿದಳೋ, ನಾಚಿಕೆಗೋ, ಅವಳಿಗೇ ಗೊತ್ತಿರಲಿಲ್ಲ.

ಮೂರನೆಯ ಸಲ ಅದೇ ದೂರು ಬಂದರೆ ಗಿರಾಕಿಯೇ ಗಾಡಿ ಓಡಿಸಬೇಕು, ಕೆಲಸದವರು ಬಾಜೂ ಕೂತು ನೋಡಬೇಕು ಎಂಬುದು ಶೆಡ್ಡಿನ ಪದ್ಧತಿ. ತಾನು ಓಡಿಸಿದಾಗ ಬಾರದ ದೀಪ ಅವನು ಓಡಿಸಿದಾಗ ಬರುತ್ತದೆಂದರೆ ಏನೋ ಇರಬೇಕಲ್ಲ. ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತು. ತನ್ನದನ್ನು ಕಪಾಟಿನಲ್ಲೇ ಬಿಟ್ಟು ಗುರುದೇವಿ ಮಷೀನು ಎತ್ತಿಕೊಂಡು ಬಂದು ಎಡಗಡೆ ಸೀಟಿನಲ್ಲಿ ಕೂತಳು. ಸೀಟು ಮುಂದಕ್ಕೆ ಸರಿದಿತ್ತು, ಅವಳ ಉದ್ದ ಕಾಲಿಗೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಕೆಳಗೆ ಕೈ ಹಾಕಿ ಹಿಂದೆ ಸರಿಸಬೇಕು ಅನ್ನುವಷ್ಟರಲ್ಲಿ ಅವನು ಗಾಬರಿಯಾದವನ ಹಾಗೆ, "ಅದು ಹಾಗೇ ಇರಲಿ ಬಿಡಿ, ಪ್ಲೀಸ್" ಎಂದ ಹಿಂದಿಯಲ್ಲಿ. ಆಮೇಲೆ ತನ್ನ ಮಾತು ತನಗೇ ವಿಚಿತ್ರವಾಗಿ ಕೇಳಿಸಿತೋ ಏನೋ, "ನನ್ನ ಹೆಂಡತಿ ಗಿಡ್ಡ ಇದ್ದಾಳೆ" ಎಂದು ಸೇರಿಸಿದ. ಮೊಣಕಾಲು ಓರೆ ಮಾಡಿಕೊಂಡು ಕೂತಳು. ಹೆಂಡತಿಯ ಜಾಗದಲ್ಲಿ ಕೂತ ಮುಜುಗರ ಬೇರೆ.

ಎರ್ರಗಡ್ಡ ದಾಟಿ ಮೂಸಾಪೇಟೆ, ಕೂಕಟ್‌ಪಲ್ಲಿ, ತಲೆಯ ಮೇಲೆ ಮೆಟ್ರೋ, ಅದರ ಕಂಬಗಳ ಪಕ್ಕದಲ್ಲಿ ಸೀದಾ ರಸ್ತೆ. ಪರದೆಯ ಮೇಲೆ ಸೊನ್ನೆ. ಬಸ್ಸು ತಪ್ಪಿಸಲು ಅವನು ಚಕ್ರ ಎಳೆದರೆ ಅಂಕಿ ಏರುತ್ತಿತ್ತು, ಬಿಟ್ಟರೆ ಇಳಿದು ಸೊನ್ನೆಗೆ ಬರುತ್ತಿತ್ತು. ಹಾಳಾದ್ದು, ಪರೀಕ್ಷೆಗೆ ಕೂತ ಜಾಣ ಹುಡುಗನಂತೆ ಎಲ್ಲಕ್ಕೂ ಸರಿಯುತ್ತರ. ಗುರುದೇವಿಗೆ ಹಸಿವಾಗತೊಡಗಿತ್ತು. ಸೋಮವಾರ ತಾನು ತುಟಿಗೆ ಬಣ್ಣ ಹಚ್ಚಿಕೊಂಡು ಕೌಂಟರಿನಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು. ಒಳಗೊಳಗೇ ಗಾಡಿಗೆ ಅಂಗಲಾಚಿದಳು, ಒಮ್ಮೆ ಸುಳ್ಳು ಹೇಳೇ ನಮ್ಮವ್ವಾ, ನನ್ನ ಎದುರಿಗೆ ಒಂದೇ ಒಂದು ಸಲ ತಪ್ಪು ಮಾಡು. ದೀಪ ಯಾವಾಗ ಹತ್ತುತ್ತದೆ ಎಂದು ಅವನನ್ನು ಕೇಳಿದಳು. ಬೆಳಿಗ್ಗೆ ಮನೆಯಿಂದ ಹೊರಟಾಗ, ಕೆಲವು ಸಲ ರಾತ್ರಿ ಮನೆ ಮುಟ್ಟಿದ ಮೇಲೆ ಎಂದ. ಆಫೀಸಿನಿಂದ ಹೊರಟಾಗ? ಇಲ್ಲ. ದಾರಿಯಲ್ಲಿ? ಇಲ್ಲ. "ಹಾಗಾದರೆ ನಿಮ್ಮ ಮನೆಗೇ ಹೋಗೋಣ" ಎಂದಳು. ಅವನು ಚಕ್ರ ಹಿಡಿದ ಬೆರಳು ಬಿಗಿಯಾದವು. ಮನೆಯಲ್ಲಿ ಯಾರೂ... ಎಂದು ಶುರು ಮಾಡಿ ನಿಲ್ಲಿಸಿದ. "ಮೇಲೆ ಬೇಡ, ಗಾಡಿ ನಿಲ್ಲಿಸುವ ಜಾಗ ಸಾಕು" ಎಂದಳು. ತನ್ನನ್ನು ಏನೆಂದುಕೊಂಡನೋ ಎಂದು ಮುಖಕ್ಕೆ ರಕ್ತ ನುಗ್ಗಿತು.

ಅಪಾರ್ಟ್‌ಮೆಂಟಿನ ನೆಲಮಾಳಿಗೆ ಎಷ್ಟು ದೊಡ್ಡದೆಂದರೆ ಭಾಲ್ಕಿಯ ಸಂತೆ ಅದರೊಳಗೆ ಕೂಡುತ್ತಿತ್ತು. ಶನಿವಾರದ ಮಧ್ಯಾಹ್ನ, ಜನ ಎಲ್ಲೆಲ್ಲಿಗೋ ಹೋಗಿದ್ದರು, ಅರ್ಧ ಜಾಗ ಖಾಲಿ. ತನ್ನ ಜಾಗದ ಎದುರು ಬಂದು ಅವನು ಇಂಜಿನು ಆರಿಸಿದ. ಇಳಿಯುತ್ತಾನೆ ಅಂದುಕೊಂಡಳು. ಇಳಿಯಲಿಲ್ಲ. ಎದುರಿನ ಗೋಡೆ ನೋಡುತ್ತ ಕೂತ. ಗೋಡೆಯ ಮೇಲೆ ಅವನ ಫ್ಲ್ಯಾಟಿನ ನಂಬರು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಮಷೀನಿಗೂ ಅವಳಿಗೂ ಕಾದು ಗೊತ್ತು, ಕಾದಳು. ಹಾಸ್ಟೆಲ್ಲಿನ ಬಾಗಿಲ ಎದುರು ಕೀಲಿ ಕೈಯಲ್ಲಿ ಹಿಡಿದು ಒಳಗೆ ಹೋಗದೆ ತಾನು ನಿಲ್ಲುವ ಸಂಜೆಗಳು ನೆನಪಾದವು. ಒಳಗೆ ಹೋಗಿ ಏನು ಮಾಡುವುದು, ಆ ಹುಡುಗಿ ತಲೆ ಕೂಡ ಎತ್ತುವುದಿಲ್ಲ. ಆಮೇಲೆ ಅವನು ಕೀಲಿ ತಿರುಗಿಸಿ ಗಾಡಿಯನ್ನು ಹಿಂದೆ ತೆಗೆದ, ಚಕ್ರವನ್ನು ಬಲಕ್ಕೆ ತಿರುಗಿಸಿ ಹಿಡಿದ, ನಡುವಿನ ಕಂಬಗಳ ಸಾಲನ್ನು ಸುತ್ತತೊಡಗಿದ. "ಸುಮ್ಮನೆ, ಒಂದು ರೌಂಡ್" ಎಂದ. ಒಂದು ಸುತ್ತು ಮುಗಿಯಿತು. ತನ್ನ ಜಾಗ ಬಂದರೂ ನಿಲ್ಲಿಸಲಿಲ್ಲ. ಎರಡನೆಯದೂ ಮುಗಿಯಿತು. ಅವನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಚಕ್ರ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ, ತಾನು ಸುತ್ತುತ್ತಿದ್ದೇನೆಂಬ ಖಬರೇ ಅವನಿಗಿದ್ದಂತಿರಲಿಲ್ಲ.

ಆಗ ಗುರುದೇವಿ ಪರದೆ ನೋಡಿದಳು. ಅಂಕಿ ಇಳಿಯುತ್ತಿತ್ತು. ಚಕ್ರ ಬಲಕ್ಕೆ ತಿರುಗಿಯೇ ಇದೆ, ಗಾಡಿ ಸುತ್ತುತ್ತಲೇ ಇದೆ, ಅಂಕಿ ಮಾತ್ರ ಮೆಲ್ಲಗೆ, ಗಾಡಿ ನಿದ್ದೆಗೆ ಜಾರಿದ ಹಾಗೆ, ಸೊನ್ನೆಯ ಕಡೆಗೆ ಇಳಿಯುತ್ತಿದೆ! ಅವಳು ಮಷೀನನ್ನು ಕಣ್ಣಿಗೆ ಹತ್ತಿರ ಹಿಡಿದಳು. ಸೆನ್ಸರಿಗೆ ಏನೂ ಆಗಿರಲೇ ಇಲ್ಲ. ಇಂಜಿನು ಚಾಲೂ ಆದ ಮೇಲೆ ಗಾಡಿ ಮೊದಲು ನೆಟ್ಟಗೆ ಎಂದರೆ ಯಾವುದೆಂದು ತಾನೇ ಹುಡುಕಿಕೊಳ್ಳುತ್ತದೆ. ಬಹಳ ಹೊತ್ತು ಒಂದೇ ಕಡೆ ಹಿಡಿದ ಚಕ್ರವನ್ನು, ಇದೇ ನೆಟ್ಟಗಿರಬೇಕು ಪಾಪ ಎಂದು ನಂಬಿಬಿಡುತ್ತದೆ. ಈ ಮನುಷ್ಯ ದಿನಾ ಆಫೀಸಿನಿಂದ ಬಂದು, ಇಂಜಿನು ಆರಿಸಿ ಮತ್ತೆ ಚಾಲೂ ಮಾಡಿ, ಇಲ್ಲಿ ಹೀಗೆ ಸುತ್ತುತ್ತಾನೆ. ಗಾಡಿಗೆ ತಿರುವನ್ನೇ ಸೊನ್ನೆ ಎಂದು ಕಲಿಸುತ್ತಾನೆ. ಬೆಳಿಗ್ಗೆ ಸೀದಾ ರಸ್ತೆಗೆ ಹೋದಾಗ ಗಾಡಿ ಕಂಗಾಲಾಗಿ ದೀಪ ಹಚ್ಚುತ್ತದೆ. ಸಿಕ್ಕಿತು, ಕಳ್ಳ ಸಿಕ್ಕ! ಸಾಯಿಕುಮಾರನ ಮುಖಕ್ಕೆ ಹಿಡಿಯುತ್ತೇನೆ, ಮಷೀನು ನನ್ನದೇ. ಸಂತೋಷಕ್ಕೆ ಅವಳು ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಫೋನು ಬಂತು. ಅವನ ಕಿಸೆಯಲ್ಲಿ ಬಂದ ಫೋನು ಗಾಡಿಯ ಸ್ಪೀಕರಿನಲ್ಲಿ ಮೊಳಗಿತು, ಅವನು ಯೋಚಿಸದೆ ಚಕ್ರದ ಮೇಲಿನ ಗುಂಡಿ ಒತ್ತಿದ.

"ಏನ್ ಮಾಡಾಕತ್ತೀರಪಾ?" ಹೆಂಗಸಿನ ಮುದಿದನಿ ಗಾಡಿಯ ತುಂಬ ತುಂಬಿಕೊಂಡಿತು.

"ಏನಿಲ್ಲವಾ, ಹೊರಗ ಹೊಂಟೀವಿ."

"ಇಬ್ಬರೂ ಅದೀರೇನು?"

"ಹೂಂ. ಸುಹಾಸಿನಿ ಬಾಜೂಕ ಕುಂತಾಳ."

ಗುರುದೇವಿ ಮಷೀನಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಳು. ಅವನು ಇವಳ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಅವನಿಗಿರಲಿಲ್ಲ. ಬಾಜೂಕ ಕೂತವಳಿಗೆ ಕನ್ನಡ ಬರುವುದಿಲ್ಲವಲ್ಲ. ಗಾಡಿ ಸುತ್ತುತ್ತಲೇ ಇತ್ತು. ಆಚೆಯ ಮೂಲೆಗೆ ಹೋದಾಗೊಮ್ಮೆ ಆ ತಾಯಿಯ ದನಿ ಹರಿದು ಚೂರಾಗುತ್ತಿತ್ತು, ಈಚೆ ಬಂದಾಗ ಕೂಡಿಕೊಳ್ಳುತ್ತಿತ್ತು. ಹುಮನಾಬಾದಿನ ಮನೆಗೆ ಸುಣ್ಣ ಹೊಡೆಸಿದ್ದು, ಪಕ್ಕದ ಮನೆ ಜಯಮ್ಮನ ಮೊಣಕಾಲು, ಹಬ್ಬಕ್ಕೆ ಬರುತ್ತೀರೋ ಇಲ್ಲವೋ. ಮಗ ಹೂಂ ಅನ್ನುತ್ತಿದ್ದ, ಆತನ ಹೂಂ ಒಂದೊಂದೂ ಎಷ್ಟು ಸರಾಗವಾಗಿ ಬರುತ್ತಿತ್ತು! ಸುಹಾಸಿನಿ ಮೇಲಿನ ಫ್ಲ್ಯಾಟಿನಲ್ಲಿ ಇಲ್ಲ, ಯಾವತ್ತೋ ಹೋಗಿದ್ದಾಳೆ, ಸೀಟು ಮಾತ್ರ ಅವಳ ಅಳತೆಗೆ ನಿಂತಿದೆ ಎಂಬುದು ಗುರುದೇವಿಗೆ ಯಾರೂ ಹೇಳದೆ ಗೊತ್ತಾಯಿತು. ಮೊಣಕಾಲು ಇನ್ನಷ್ಟು ಓರೆ ಮಾಡಿದಳು. ಸಿಟ್ಟು ಬರಬೇಕಿತ್ತು, ತನ್ನನ್ನು ಕೂಸು ಆಡಿಸುವವಳು ಅಂದವನಲ್ಲವೇ ಇವನು. ಬರಲಿಲ್ಲ. ತಾಯಿಗೆ ಸುಳ್ಳು ಹೇಳುವಾಗ ದನಿಯನ್ನು ಹೇಗೆ ಸ್ವಲ್ಪ ಮೇಲಕ್ಕೆತ್ತಬೇಕು ಎಂಬುದು ಅವಳಿಗೂ ಗೊತ್ತಿದ್ದ ವಿದ್ಯೆಯೇ ಆಗಿತ್ತು.

"ಆಕಿ ಯಾಕ ಮಾತಾಡವಲ್ಲಳು? ಯಾವಾಗ ಕೇಳಿದರೂ ಜಳಕಕ್ಕ ಹೋಗ್ಯಾಳ, ಮಲಗ್ಯಾಳ. ಇವತ್ತ ಬಾಜೂಕ ಅದಾಳಲ್ಲ." ತಾಯಿಯ ದನಿ ಹತ್ತಿರ ಬಂತು. "ಸುಹಾಸಿನಿ, ನನ್ನ ಮ್ಯಾಲ ಸಿಟ್ಟೇನವಾ? ಇರಲಿ ಬಿಡು. ಉಂಡೇನವಾ?"

"ಹೂಂ, ಉಂಡೀನ್ರಿ" ಅಂದಳು ಗುರುದೇವಿ.

ಅಂದದ್ದು ತಾನೇ ಎಂದು ತಿಳಿದದ್ದು ಗಾಡಿ ಗಕ್ಕನೆ ನಿಂತಾಗ. ಬ್ರೇಕು ತುಳಿದು ಅವನು ಬಾಯಿ ತೆರೆದು ಇವಳನ್ನೇ ನೋಡುತ್ತಿದ್ದ. ಎದುರಿಗೆ ಹಳದಿ ದೀಪ ಹತ್ತಿಕೊಂಡಿತ್ತು. ಸ್ಪೀಕರಿನಲ್ಲಿ ಪಾರ್ವತೆಮ್ಮ, ಆತನ ತಾಯಿ, ಮೆಲ್ಲಗೆ, "ದನಿ ಯಾಕವಾ ಹಿಂಗಾಗೈತಿ? ನೆಗಡಿ ಆಗೈತೇನು?" ಎಂದಳು. ಗುರುದೇವಿ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಹೂಂ ಅವ್ವಾ, ನೆಗಡಿ. ಆಮ್ಯಾಲ ಮಾಡ್ತೀನಿ" ಎಂದು ಅವನು ಫೋನು ಕತ್ತರಿಸಿದ.

ನೆಲಮಾಳಿಗೆಯಲ್ಲಿ ಎಲ್ಲೋ ಪೈಪಿನಲ್ಲಿ ನೀರು ಹರಿಯುತ್ತಿತ್ತು. "ನೀವು... ಕನ್ನಡದವರೇನ್ರಿ?" ಎಂದ. "ಭಾಲ್ಕಿ" ಎಂದಳು. ಅವನು ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು, ಮೊದಲ ದಿನದ ಕಿಟಕಿ, ಫೋನು, ಆಡಿದ ಮಾತು. "ಹಂಗಾದ್ರ ಅವತ್ತು ನಾ ಅಂದದ್ದು..." "ಕೇಳಿಸ್ತು" ಎಂದಳು. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಒಂದು ಕಾಲಕ್ಕೆ ಇದೇ ಕ್ಷಣಕ್ಕಾಗಿ ಎಷ್ಟೊಂದು ಚುಚ್ಚುಮಾತು ಕಟ್ಟಿಟ್ಟುಕೊಂಡಿದ್ದಳು ಗುರುದೇವಿ, ಹಾಸ್ಟೆಲ್ಲಿನ ಮಂಚದ ಮೇಲೆ ಹೊರಳಾಡುತ್ತ! ಒಂದೂ ನೆನಪಿಗೆ ಬರಲಿಲ್ಲ. ಗಾಡಿಯ ವಿಷಯ ಹೇಳಿದಳು, ಕನ್ನಡದಲ್ಲಿ, ತಡವರಿಸುತ್ತ. ಕೆಲಸದ ಮಾತನ್ನು ಕನ್ನಡದಲ್ಲಿ ಮನುಷ್ಯರಿಗೆ ಹೇಳಿ ಅವಳಿಗೆ ರೂಢಿಯೇ ಇರಲಿಲ್ಲ. "ಚಾಲೂ ಮಾಡಿದ ಮ್ಯಾಲ ಹಿಂಗ ಸುತ್ತಬ್ಯಾಡ್ರಿ. ಸುತ್ತೋದೇ ಇದ್ರ ಮೊದಲ ಒಂದಿಷ್ಟು ರಸ್ತಾದ ಮ್ಯಾಲ ಸೀದಾ ಓಡಸ್ರಿ, ಅದಕ್ಕ ನೆಟ್ಟಗ ಅಂದ್ರ ಯಾವುದಂತ ತಿಳೀತೈತಿ. ಆಮ್ಯಾಲ ಏನಾರ ಮಾಡ್ರಿ." ಅವನು ತಲೆಯಾಡಿಸಿದ. ಮೇಲಕ್ಕೆ, ಛಾವಣಿಯ ಕಡೆಗೆ ಒಮ್ಮೆ ನೋಡಿದ. "ಮ್ಯಾಲ ಹೋಗಾಕ ಮನಸಾಗೂದಿಲ್ರಿ" ಎಂದ, ಅಷ್ಟೇ. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ, ಎದೆಯಲ್ಲಿದ್ದದ್ದೆಲ್ಲ ಹೇಳಿ ಹಗುರಾಗುತ್ತಿದ್ದ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿದಳು. ತೆಲುಗಿನಲ್ಲೋ ಹಿಂದಿಯಲ್ಲೋ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಈ ಭಾಷೆಯಲ್ಲಿ ಕೇಳಿದರೆ ತನ್ನದೂ ಹೊರಗೆ ಬರುತ್ತದೆ.

ವಾಪಸು ಬರುವಾಗ ಮೆಟ್ರೋ ಕಂಬಗಳ ಪಕ್ಕದಲ್ಲಿ ದೀಪ ತಾನಾಗಿ ಆರಿತು, ಸೊನ್ನೆ ತನ್ನ ಜಾಗಕ್ಕೆ ಬಂದು ಕೂತಿತು. ಭರತ್‌ನಗರದ ಸೇತುವೆಯ ಮೇಲೆ ಅವನು ಕೇಳಿದ. "ಕಾರಣ ಏನಂತ ಹೇಳ್ತೀರಿ ಅವರಿಗೆ?" ಅದನ್ನೇ ಅವಳೂ ಯೋಚಿಸುತ್ತಿದ್ದಳು. ಶನಿವಾರ ಸಂಜೆ ಚಹಾದ ಹೊತ್ತಿಗೆ ವಾರದ ಕೇಸುಗಳನ್ನು ಎಲ್ಲರೆದುರು ಹೇಳಿಸಿ ಮಜಾ ತೆಗೆದುಕೊಳ್ಳುವುದು ಸಾಯಿಕುಮಾರನ ಚಟ. ಬಾನೆಟ್ಟಿನೊಳಗೆ ಇಲಿ ಮರಿ ಹಾಕಿದ್ದ ಡಾಕ್ಟರಮ್ಮನ ಕತೆ ಇಂದಿಗೂ ನಗಿಸುತ್ತಿತ್ತು. ಇದಂತೂ ಹಬ್ಬ. ಹೆಂಡತಿಯಿಲ್ಲದವನು ಮನೆಗೆ ಹೋಗಲು ಮನಸ್ಸಿಲ್ಲದೆ ನೆಲಮಾಳಿಗೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತಾನೆ ಎಂದರೆ ಅವರಿಗೆ ಒಂದು ವರ್ಷದ ನಗೆ. ಹೆಂಡತಿಯ ವಿಷಯ ಬಿಟ್ಟು ಬರೀ ಸುತ್ತುತ್ತಾನೆ ಅಂದರೂ ಉಳಿದದ್ದನ್ನು ಅವರೇ ಹೆಣೆಯುತ್ತಾರೆ, ಯಾಕೆ ಸುತ್ತುತ್ತಾನಂತೆ ಎಂದು ಗಾಜಿನಾಚೆ ಕೂತವನ ಎದುರಿಗೇ ಕೇಳುತ್ತಾರೆ. ಹೇಳದಿದ್ದರೆ ಮಷೀನು ಹೋಗುತ್ತದೆ. ಇವನು ತನಗೆ ಯಾರು? ಏನೂ ಅಲ್ಲ. ತನ್ನನ್ನು ಆಡಿಕೊಂಡವನು. ಹಾಗಂತ ಮನಸ್ಸಿಗೆ ಹತ್ತು ಸಲ ಹೇಳಿಕೊಂಡಳು. "ನೋಡ್ತೀನ್ರಿ" ಎಂದಳು ಅವನಿಗೆ.

ಶೆಡ್ಡಿನಲ್ಲಿ ಚಹಾ ಆಗಲೇ ಬಂದಿತ್ತು. ಪಿಂಕಿ ಮದುವೆಯ ಸಿಹಿ ಹಂಚುತ್ತಿದ್ದಳು. ಸಾಯಿಕುಮಾರ ಕಪ್ಪು ಹಿಡಿದು ನಗುತ್ತ, "ಏಮೈಂದಮ್ಮಾ, ದೊಂಗ ದೊರಿಕಾಡಾ?" ಎಂದ. ಕಳ್ಳ ಸಿಕ್ಕನೇ ಎಂದು ಕೇಳಿದ್ದು. ನಾಲ್ಕಾರು ಮುಖಗಳು ಇವಳ ಕಡೆ ತಿರುಗಿದವು, ನಗಲು ಸಿದ್ಧವಾಗಿದ್ದ ಮುಖಗಳು. ಗಾಜಿನಾಚೆ ವೈಭವ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದ, ಕಾಲರಿನ ತುದಿ ಒಳಗೆ ಮಡಚಿಕೊಂಡೇ ಇತ್ತು. "ಸಿಕ್ಕ ಸಾರ್. ಸೆನ್ಸರು ಚೆನ್ನಾಗಿದೆ. ನಾನೇ ಚಕ್ರ ನೆಟ್ಟಗಿಡದೆ ಸೊನ್ನೆ ಕಲಿಸಿದ್ದೆ. ಎರಡು ಸಲವೂ. ತಪ್ಪು ನನ್ನದೇ" ಎಂದಳು ತೆಲುಗಿನಲ್ಲಿ. ಯಾರೋ ಕಿಸಕ್ಕೆಂದರು. ಬಾಗಿಲು ತೆರೆದಿತ್ತು, ವೈಭವನಿಗೆ ಎಲ್ಲ ಕೇಳಿಸಿತ್ತು, ತೆಲುಗು ಅವನಿಗೂ ಬರುತ್ತಿತ್ತು. ಒಂದು ಮಾತು ಆಡಬಾರದೇ ಪುಣ್ಯಾತ್ಮ! ಅವಳದಲ್ಲ ತಪ್ಪು ಎಂದರೆ ಸಾಕಿತ್ತು, ಕಾರಣ ಹೇಳಬೇಕಾಗಿರಲಿಲ್ಲ. ಅವನು ತಲೆ ಬಗ್ಗಿಸಿ ಗಾಡಿ ತೆಗೆದುಕೊಂಡು ಹೋದ. ಗುರುದೇವಿಗೆ ತನ್ನ ಮೇಲೆಯೇ ವಿಪರೀತ ಸಿಟ್ಟು ಬಂತು. ತಾನೇನು ದೊಡ್ಡ ತ್ಯಾಗಿಯೇ? ಅಲ್ಲ. ಅವರು ಅವನನ್ನು ಕುರಿತು ನಗುವ ನಗು, ಹಾಸ್ಟೆಲ್ಲಿನ ಬಾಗಿಲಲ್ಲಿ ಕೀಲಿ ಹಿಡಿದು ನಿಲ್ಲುವ ತನ್ನನ್ನೂ ಮುಟ್ಟುತ್ತಿತ್ತು. ಅದನ್ನು ಕೇಳುತ್ತ ನಿಲ್ಲುವ ತಾಕತ್ತು ಇರಲಿಲ್ಲ, ಅಷ್ಟೇ. ಮಷೀನನ್ನು ಒರೆಸಿ, ವೈರು ಸುತ್ತಿ, ಕಪಾಟಿನಲ್ಲಿಟ್ಟಳು. "ಬರ್ತೀನಿ" ಅಂದಳು ಅದಕ್ಕೆ. ಪಕ್ಕದಲ್ಲಿ ಊಟದ ಡಬ್ಬಿ ಇತ್ತು, ಅನ್ನ ಹಳಸಿತ್ತು.

ಸೋಮವಾರ ಬಂದು ಕೂತ ಕೌಂಟರಿನಲ್ಲಿ ಎಸಿ ಬಹಳ ತಣ್ಣಗಿತ್ತು. ಪಿಂಕಿ ಬಿಟ್ಟುಹೋದ ಕುರ್ಚಿ, ಪಿಂಕಿ ಬಿಟ್ಟುಹೋದ ಬಾಚಣಿಗೆ. ರಿಪೇರಿಯಾಗಿ ಹೋದ ಗಾಡಿಗಳ ಮಾಲಿಕರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ನಮಸ್ತೇ ಸರ್, ನಿಮ್ಮ ಗಾಡಿ ಹೇಗೆ ನಡೆಯುತ್ತಿದೆ ಎಂದು ಕೇಳಬೇಕು. ಹೆಚ್ಚಿನವರು ಮೀಟಿಂಗಿನಲ್ಲಿದ್ದೇನೆಂದು ಕತ್ತರಿಸುತ್ತಿದ್ದರು. ಗಾಜಿನಾಚೆ ತನ್ನ ಮಷೀನನ್ನು ಬೇರೊಬ್ಬ ಬಾನೆಟ್ಟಿನ ಮೇಲೆ ಧೊಪ್ಪನೆ ಇಡುವುದು ಕಾಣುತ್ತಿತ್ತು, ಪ್ರತಿ ಸಲವೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಎಲ್ಲಕ್ಕಿಂತ ಕಷ್ಟವೆಂದರೆ ಇಲ್ಲಿ ತುಟಿ ಅಲುಗಿಸಲು ಜಾಗವಿರಲಿಲ್ಲ. ಇಡೀ ದಿನ ಮಾತಾಡುತ್ತಿದ್ದಳು, ಇಡೀ ದಿನ ಮೂಕಿಯಾಗಿದ್ದಳು. ವಾರದ ಕೊನೆಗೆ ಬಿಳಿ ಗಾಡಿಯ ಸರದಿ ಬಂತು. ಬಿಟ್ಟುಬಿಡೋಣವೆಂದುಕೊಂಡಳು, ಬಿಡುವ ಹಾಗಿರಲಿಲ್ಲ, ಸಾಯಿಕುಮಾರ ಹಿಂದೆಯೇ ನಿಂತಿದ್ದ.

"ನಮಸ್ತೇ ಸರ್, ಆಪ್ ಕೀ ಗಾಡೀ..." ಎಂದು ಶುರು ಮಾಡಿದಳು.

"ಗುರುದೇವಿಯವರೇನ್ರಿ?" ಎಂದ ವೈಭವ. "ಅವತ್ತ ನಾ ಬಾಯಿ ಬಿಡಬೇಕಾಗಿತ್ರಿ. ಹೇಡಿ ನಾನು. ಗಾಡಿ ಛಲೋ ಐತಿ, ದೀಪ ಬಂದಿಲ್ಲ. ಅವ್ವಗ ಎಲ್ಲಾ ಹೇಳಿಬಿಟ್ಟೆ. ಸುಹಾಸಿನಿ ಬಿಟ್ಟು ಹೋಗಿ ಭಾಳ ದಿನ ಆತು ಅಂತ. ಅತ್ತಳು. ಬೈದಳು."

"ಜೀ" ಎಂದಳು ಗುರುದೇವಿ. ಹಿಂದೆ ಸಾಯಿಕುಮಾರನ ಬೂಟಿನ ಸದ್ದು.

"ಆಮ್ಯಾಲ ಒಂದ ಮಾತು ಕೇಳಿದಳ್ರಿ. ಹಂಗಾದ್ರ ಆ ದಿನ ಉಂಡೀನಿ ಅಂದಾಕಿ ಯಾರಪಾ ಅಂತ. ಹೇಳಿದೆ, ಗಾಡಿ ನೋಡೋ ಅಕ್ಕಾರು, ನಮ್ಮ ಕಡೆಯವರೇ ಅಂತ." ಅವನು ಗಂಟಲು ಸರಿಮಾಡಿಕೊಂಡ. "ಅದಕ್ಕ ಅಂದಳು, ಆ ದನಿ ಉಂಡವರ ದನಿ ಅಲ್ಲ, ಆಕಿ ಖರೇನ ಉಂಡಿದ್ದಳೇನು ಕೇಳು ಅಂತ. ದಿನಾ ಕೇಳಾಕತ್ತಾಳ. ನಾ ಏನ್ ಹೇಳಲಿ?"

ಗಾಜಿನಾಚೆ ಯಾವುದೋ ಗಾಡಿ ಹಿಂದೆ ಸರಿಯುತ್ತ ಕೀಂ ಕೀಂ ಎನ್ನುತ್ತಿತ್ತು. ಸಾಯಿಕುಮಾರ ಬಾಗಿ, ಮಾತಾಡಮ್ಮಾ ಎಂಬಂತೆ ಕೈ ಮಾಡಿದ. ಗುರುದೇವಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ರಿ" ಎಂದಳು, ಕೌಂಟರಿನ ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲಿ. "ಉಂಡಿರಲಿಲ್ಲ ಅಂತ ಹೇಳ್ರಿ ಅವ್ವಾರಿಗೆ."